ಆಕಾಶದಲ್ಲಿ ಎಂಜಿನ್ ನಿಂತರೆ: ಸಣ್ಣ ವಿಮಾನವನ್ನು ಹೊಲದಲ್ಲಿ ಇಳಿಸುವುದು ಹೇಗೆ?

ವಿಮಾನ ಹಾರಿಸಲು ಕಲಿಯುತ್ತಿರುವವರು, ಮಗನನ್ನೋ ಮಗಳನ್ನೋ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿರುವ ಅಪ್ಪ ಅಮ್ಮಂದಿರು, ಎಲ್ಲರೂ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಅದರಲ್ಲಿರೋದು ಒಂದೇ ಎಂಜಿನ್ ಅಲ್ವಾ? ಮೇಲೆ ಹೋದಾಗ ಅದು ನಿಂತರೆ ಏನು ಗತಿ?"

ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಎಂಜಿನ್ ವಿಮಾನವನ್ನು ಮುಂದಕ್ಕೆ ಎಳೆಯುತ್ತದೆ, ಅಷ್ಟೇ. ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾದದ್ದು ಅದರ ಮೇಲೆ ಕೆಳಗೆ ಓಡುವ ಗಾಳಿ. ಇಳಿಜಾರಿನಲ್ಲಿ ಪೆಡಲ್ ತುಳಿಯದಿದ್ದರೂ ಸೈಕಲ್ ಓಡುತ್ತದಲ್ಲ, ಹಾಗೆಯೇ ಮೂಗು ಸ್ವಲ್ಪ ತಗ್ಗಿಸಿದರೆ ವಿಮಾನ ತನ್ನ ಎತ್ತರವನ್ನೇ ಖರ್ಚು ಮಾಡಿಕೊಂಡು ಮುಂದೆ ಸಾಗುತ್ತದೆ. ಇದಕ್ಕೆ ಗ್ಲೈಡ್ ಎನ್ನುತ್ತಾರೆ. ಎಂಜಿನ್ ಇಲ್ಲದೆ, ಆಯ್ದ ಜಾಗದಲ್ಲಿ ಹೀಗೆ ಇಳಿಸುವುದೇ ಫೋರ್ಸ್ಡ್ ಲ್ಯಾಂಡಿಂಗ್.

ಜೀವ ತೆಗೆಯುವುದು ಬಹಳ ಸಲ ನಿಂತ ಎಂಜಿನ್ ಅಲ್ಲ. ಅದು ನಿಂತ ಮೇಲೆ ಪೈಲಟ್ ಕಳೆದುಕೊಳ್ಳುವ ವೇಗ. ಈ ಲೇಖನವನ್ನು ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಇಲ್ಲಿ ನಾನು ಕೊಡುವ ಅಂಕಿಗಳು ಹೆಚ್ಚಾಗಿ ಸೆಸ್ನಾ 172 ವಿಮಾನದ್ದು. ನಮ್ಮ ದೇಶದ ತರಬೇತಿ ಶಾಲೆಗಳಲ್ಲಿ ಅದು ಸಾಮಾನ್ಯ. ನಿಮ್ಮದು ಬೇರೆ ವಿಮಾನವಾದರೆ ಅದರ ಕೈಪಿಡಿಯ ಅಂಕಿಯೇ ಕೊನೆಯ ಮಾತು. ಈ ಲೇಖನ ನಿಮ್ಮ ಇನ್‌ಸ್ಟ್ರಕ್ಟರ್ ಬದಲಿಗೆ ಅಲ್ಲ, ಅವರ ಜೊತೆ ಕೂತು ಮಾತಾಡಲು.

ನೆಲದ ಮೇಲೇ ತಿಳಿದಿರಬೇಕಾದ್ದು

ಮೊದಲನೆಯದು ನಿಮ್ಮ ವಿಮಾನದ ಗ್ಲೈಡ್ ವೇಗ. ಒಂದಡಿ ಎತ್ತರಕ್ಕೆ ಅತಿ ಹೆಚ್ಚು ದೂರ ಸಿಗುವ ವೇಗ ಇದು. ಸೆಸ್ನಾ 152ಕ್ಕೆ 60 ನಾಟ್, 172ರ ಹಳೆಯ ಎನ್ ಮಾದರಿಗೆ 65, ಹೊಸ ಎಸ್ ಮಾದರಿಗೆ 68. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ಸಂಖ್ಯೆ ಬಾಯಿಗೆ ಬರಬೇಕು.

ಎರಡನೆಯದು ಎಷ್ಟು ದೂರ ಹೋಗಬಹುದು ಎನ್ನುವುದು. ಗಾಳಿ ಇಲ್ಲದಾಗ 172 ಪ್ರತಿ 1000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ, ಅಂದರೆ ಹತ್ತಿರ ಹತ್ತಿರ 2.8 ಕಿ.ಮೀ. ಸಾಗುತ್ತದೆ. ನಿಮಿಷಕ್ಕೆ 700 ಅಡಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ.

ಇಲ್ಲಿ ನಮ್ಮ ಕಡೆಯವರು ಎಡವುವುದು ಒಂದಿದೆ. ಆಲ್ಟಿಮೀಟರ್ ತೋರಿಸುವುದು ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಅಲ್ಲಿನ ಜಕ್ಕೂರು ಏರೋಡ್ರೋಮಿನಿಂದ ಹೊರಟು 5000 ಅಡಿಯಲ್ಲಿದ್ದೇನೆ ಅಂತ ನೀವು ಅಂದುಕೊಂಡಾಗ ನಿಮ್ಮ ಕೆಳಗೆ ಇರುವುದು ಬರೀ 2000 ಅಡಿ. ಅಂದರೆ ಐದೂವರೆ ಕಿ.ಮೀ. ದೂರ, ಮೂರು ನಿಮಿಷಕ್ಕೂ ಕಡಿಮೆ ಸಮಯ. ಮಂಗಳೂರಿನ ಕರಾವಳಿಯ ಮೇಲೆ ಅದೇ 5000 ತೋರಿಸಿದರೆ ಆರೇಳು ನಿಮಿಷ ಸಿಗುತ್ತದೆ. ಲೆಕ್ಕ ಯಾವಾಗಲೂ ನೆಲದಿಂದ ಹಾಕಿ.

ಮೂರನೆಯದು ಬೆಲ್ಟ್. ಸೊಂಟದ್ದು ಮಾತ್ರ ಸಾಲದು, ಭುಜದ್ದೂ ಬೇಕು. 2015ರ ಮಾರ್ಚ್ 5ರಂದು ಅಮೆರಿಕದ ನಟ ಹ್ಯಾರಿಸನ್ ಫೋರ್ಡ್ ತಮ್ಮ ಹಳೆಯ ರಯಾನ್ ಪಿಟಿ-22 ವಿಮಾನದಲ್ಲಿ ಸಾಂತಾ ಮೋನಿಕಾದಿಂದ ಹೊರಟರು. ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟಿತು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಒಳಗಿನ ಮುಖ್ಯ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಸಡಿಲವಾಗಿ ಬಿಚ್ಚಿಕೊಂಡಿತ್ತು. ಅವರು ಪಕ್ಕದ ಗಾಲ್ಫ್ ಮೈದಾನದಲ್ಲಿ ಇಳಿಸಿ ಬದುಕಿದರು. ಆದರೆ ಗಾಯ ಜೋರಾಗಿತ್ತು. ಭುಜದ ಬೆಲ್ಟನ್ನು ಸರಿಯಾಗಿ ಅಳವಡಿಸಿರಲಿಲ್ಲ, ಗಾಯ ಹೆಚ್ಚಾಗಲು ಅದೂ ಕಾರಣ ಎಂದು ತನಿಖೆ ಹೇಳಿತು.

ನಾಲ್ಕನೆಯದು ಇಂಧನ. ಎಂಜಿನ್ ನಿಲ್ಲುವ ಕಾರಣಗಳಲ್ಲಿ ಎಷ್ಟೋ ಸಲ ಯಂತ್ರದ ತಪ್ಪೇ ಇರುವುದಿಲ್ಲ. ಟ್ಯಾಂಕ್ ಖಾಲಿಯಾಗಿರುತ್ತದೆ. ಇಲ್ಲವೇ ಒಂದು ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ವಾಲ್ವ್ ಇನ್ನೊಂದು ಖಾಲಿ ಟ್ಯಾಂಕಿನ ಕಡೆ ತಿರುಗಿರುತ್ತದೆ. ಗೇಜನ್ನು ನಂಬಬೇಡಿ. ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೋಡಿ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ರಾತ್ರಿಯೆಲ್ಲ ನಿಂತರೆ ಒಳಗೆ ನೀರು ಸೇರಬಹುದು. ಅದಕ್ಕೇ ಹಾರುವ ಮೊದಲು ಕೆಳಗಿನ ಡ್ರೈನ್‌ನಿಂದ ಸ್ವಲ್ಪ ತೆಗೆದು ಲೋಟದಲ್ಲಿ ನೋಡುವುದು. ನೀರಿದ್ದರೆ ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ. ಎಚ್ಚರ: ಲೋಟದ ತುಂಬ ಬರೀ ನೀರೇ ಬಂದಿದ್ದರೆ ಗುಳ್ಳೆ ಕಾಣುವುದೇ ಇಲ್ಲ, ಎಲ್ಲ ಒಂದೇ ಥರ ತಿಳಿಯಾಗಿರುತ್ತದೆ. ಬಣ್ಣ ನೋಡಿ. ಈ ವಿಮಾನಗಳಿಗೆ ಹಾಕುವ 100ಎಲ್‌ಎಲ್ ಎಂಬ ಪೆಟ್ರೋಲ್ ತಿಳಿನೀಲಿ ಇರುತ್ತದೆ.

ಈಗ ಎಂಜಿನ್ ನಿಂತಿದೆ ಅಂದುಕೊಳ್ಳಿ.

ಹಂತ 1: ಮೂಗು ತಗ್ಗಿಸಿ, ವೇಗ ಹಿಡಿಯಿರಿ

ಸದ್ದು ನಿಂತ ತಕ್ಷಣ ಕೈ ತಾನಾಗಿಯೇ ಕಂಟ್ರೋಲನ್ನು ಹಿಂದಕ್ಕೆ ಎಳೆಯಲು ನೋಡುತ್ತದೆ. ಕೆಳಗೆ ಹೋಗಬಾರದು ಎಂದು ದೇಹಕ್ಕೆ ಅನ್ನಿಸುತ್ತದೆ. ಇದೇ ಅಪಾಯ. ಎಳೆದರೆ ವೇಗ ಬೀಳುತ್ತದೆ, ಸ್ಟಾಲ್ ಆಗುತ್ತದೆ. ಸ್ಟಾಲ್ ಅಂದರೆ ಗಾಳಿ ರೆಕ್ಕೆಯ ಮೇಲಿಂದ ಕಿತ್ತುಕೊಂಡು ಹೋಗಿ, ಎತ್ತುವ ಬಲ ಕುಸಿಯುವುದು. ಆಗ ವಿಮಾನ ನಿಜವಾಗಿಯೂ ಬೀಳುತ್ತದೆ.

ಗ್ಲೈಡ್ ವೇಗ ಬರುವ ಹಾಗೆ ಮೂಗು ಹೊಂದಿಸಿ. ಕ್ರೂಸ್‌ನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ನೇರವಾಗಿ ಹೋಗುತ್ತಿದ್ದರೆ ನಿಮ್ಮ ಹತ್ತಿರ ಹೆಚ್ಚಿನ ವೇಗ ಇರುತ್ತದೆ, ಅದು 68ಕ್ಕೆ ಇಳಿಯುವವರೆಗೆ ಎತ್ತರ ಉಳಿಸಿಕೊಳ್ಳಬಹುದು. ಮೇಲೇರುತ್ತಿದ್ದರೆ ಆ ಸೌಕರ್ಯ ಇಲ್ಲ. ಮೂಗು ಮೊದಲೇ ಮೇಲಿರುತ್ತದೆ, ವೇಗ ಮೊದಲೇ ಕಡಿಮೆ ಇರುತ್ತದೆ. ತಕ್ಷಣ ಮುಂದಕ್ಕೆ ತಳ್ಳಿ.

ಆಮೇಲೆ ಟ್ರಿಮ್ ಮಾಡಿ. ಕೈ ಬಿಟ್ಟರೂ ವಿಮಾನ ಅದೇ ವೇಗದಲ್ಲಿ ಇರುವ ಹಾಗೆ ಹೊಂದಿಸುವ ಚಕ್ರ ಅದು. ಟ್ರಿಮ್ ಮಾಡದೆ ಮುಂದಿನ ಕೆಲಸಕ್ಕೆ ಹೋದರೆ, ತಲೆ ಬಗ್ಗಿಸಿ ವಾಲ್ವ್ ಹುಡುಕುವಷ್ಟರಲ್ಲಿ ವೇಗ 55ಕ್ಕೆ ಬಂದಿರುತ್ತದೆ.

ಪ್ರೊಪೆಲ್ಲರ್ ಸುಮ್ನೆ ಗಾಳಿಗೆ ತಿರುಗುತ್ತಿರುತ್ತದೆ. ಅದನ್ನು ನೋಡಿ ಎಂಜಿನ್ ಓಡುತ್ತಿದೆ ಅಂತ ಮೋಸ ಹೋಗಬೇಡಿ. ಅದನ್ನು ನಿಲ್ಲಿಸಲೂ ಹೋಗಬೇಡಿ.

ಹಂತ 2: ಜಾಗ ಆರಿಸಿ

ಸ್ಟಾರ್ಟ್ ಮಾಡಿ ನೋಡುವುದಕ್ಕೂ ಮೊದಲು ಜಾಗ. ಎಂಜಿನ್ ಮತ್ತೆ ಓಡಿದರೆ ಒಳ್ಳೆಯದೇ. ಓಡದಿದ್ದರೆ, ನೀವು ಪ್ರಯತ್ನ ಮಾಡುತ್ತಿದ್ದ ಅಷ್ಟೂ ಹೊತ್ತು ವಿಮಾನ ಸರಿಯಾದ ಕಡೆಗೇ ಹೋಗುತ್ತಿರಬೇಕು.

ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿ. ಇಟ್ಟಿಗೆ ಗೂಡಿನ ಹೊಗೆ, ಕಬ್ಬಿನ ಸೋಗೆ ಸುಡುವ ಹೊಗೆ ಇದ್ದರೆ ಅದೇ ಸಾಕು. ಕೆರೆಯಲ್ಲಿ ಒಂದು ದಡದ ನೀರು ಅಲೆಯಿಲ್ಲದೆ ನುಣ್ಣಗಿದ್ದರೆ ಗಾಳಿ ಬರುತ್ತಿರುವುದು ಆ ದಡದ ಕಡೆಯಿಂದ. ಚಿತ್ರದುರ್ಗ, ಗದಗದ ಕಡೆ ಹಾರುತ್ತಿದ್ದರೆ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳು ಗಾಳಿಗೆ ಮುಖ ಕೊಟ್ಟೇ ನಿಂತಿರುತ್ತವೆ.

ಎದುರುಗಾಳಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ನೀವು 45 ನಾಟ್‌ನಲ್ಲಿ ನೆಲ ಮುಟ್ಟುತ್ತೀರಿ ಅನ್ನಿ. 10 ನಾಟ್ ಎದುರುಗಾಳಿ ಇದ್ದರೆ ನೆಲಕ್ಕೆ ಹೋಲಿಸಿದ ವೇಗ 35. ಅದೇ ಗಾಳಿ ಬೆನ್ನಿಗಿದ್ದರೆ 55. ಹೊಡೆತದ ಬಲ ವೇಗದ ವರ್ಗದ ಹಾಗೆ ಏರುತ್ತದೆ, ಆದ್ದರಿಂದ ಎರಡನೆಯದರಲ್ಲಿ ಅದು ಎರಡೂವರೆ ಪಟ್ಟು.

ಈಗ ನೆಲ. ದೂರದಲ್ಲಿ ಇನ್ನೂ ಚೆನ್ನಾಗಿರುವುದು ಕಾಣುತ್ತಿದೆ ಎಂದು ಆಸೆಪಡಬೇಡಿ. ಆರಾಮಾಗಿ ತಲುಪುವಂಥದ್ದನ್ನು ಆರಿಸಿ. ನಿಮ್ಮ ಕೆಳಗೇ, ಬೆನ್ನ ಹಿಂದೆಯೇ ಒಳ್ಳೆಯ ಜಾಗ ಇರಬಹುದು. ಎಡಕ್ಕೆ ಬಲಕ್ಕೆ ವಾಲಿಸಿ ನೋಡಿ. ನಮ್ಮ ರಾಜ್ಯದ ಮೇಲೆ ಹಾರುವವರಿಗಾಗಿ ಕೆಲವು ಮಾತು:

ಕಟಾವಾದ ರಾಗಿ, ಜೋಳದ ಹೊಲ ಒಳ್ಳೆಯದು. ಸಾಲು ಹೊಡೆದಿದ್ದರೆ ಸಾಲಿನ ಉದ್ದಕ್ಕೆ ಇಳಿಸಿ, ಅಡ್ಡಕ್ಕೆ ಬೇಡ. ಬದುಗಳ ಮೇಲೆ ಕಣ್ಣಿರಲಿ. ಮೇಲಿನಿಂದ ಬರೀ ಗೆರೆಯಂತೆ ಕಾಣುವ ಬದು ಮುಂದಿನ ಚಕ್ರವನ್ನು ಮುರಿಯಲು ಸಾಕು.

ನೀರು ನಿಂತ ಗದ್ದೆ ಮೇಲಿನಿಂದ ಸಮತಟ್ಟಾಗಿ, ಚೆಂದ ಕಾಣುತ್ತದೆ. ಮಂಡ್ಯದ ಕಡೆ ನಾಟಿ ಕಾಲದಲ್ಲಿ ಎಲ್ಲ ಕನ್ನಡಿಯ ಹಾಗೆ ಹೊಳೆಯುತ್ತದೆ. ಅಲ್ಲಿ ಮೂಗಿನ ಚಕ್ರ ಕೆಸರಿಗೆ ಹೂತು ವಿಮಾನ ಮಗುಚಬಹುದು. ಉತ್ತರ ಕರ್ನಾಟಕದ ಎರೆ ಮಣ್ಣೂ ಹಾಗೆಯೇ. ಬೇಸಿಗೆಯಲ್ಲಿ ಗಟ್ಟಿ, ಮಳೆ ಬಿದ್ದ ಮೇಲೆ ಚಕ್ರ ಹಿಡಿದುಕೊಳ್ಳುತ್ತದೆ.

ಒಣಗಿದ ಕೆರೆ ಅಂಗಳದಲ್ಲಿ ಅಂಚು ಗಟ್ಟಿ ಇದ್ದರೂ ನಡುವೆ ಕೆಸರು ಇರಬಹುದು. ಬಣ್ಣ ಗಾಢವಾಗಿರುವ ಕಡೆ ಹೋಗಬೇಡಿ.

ಬೆಳೆದು ನಿಂತ ಕಬ್ಬು ಆಳೆತ್ತರಕ್ಕಿಂತ ಜಾಸ್ತಿ ಇರುತ್ತದೆ, ಕೆಳಗಿನ ನೆಲ ಕಾಣುವುದೇ ಇಲ್ಲ. ಬೇರೆ ದಾರಿ ಇಲ್ಲದಿದ್ದರೆ ಬೆಳೆಯ ತುದಿಯನ್ನೇ ನೆಲ ಎಂದುಕೊಂಡು, ಆದಷ್ಟು ನಿಧಾನವಾಗಿ ಅದರ ಮೇಲೆ ಕೂರಿಸಿ.

ದ್ರಾಕ್ಷಿ, ದಾಳಿಂಬೆ ತೋಟ ಮೇಲಿನಿಂದ ಹಸಿರು ಹಾಸಿನಂತಿರುತ್ತದೆ. ದ್ರಾಕ್ಷಿ ಚಪ್ಪರದ ಕೆಳಗಿರುವುದು ಕಲ್ಲುಕಂಬ ಮತ್ತು ತಂತಿ. ಬೇಡವೇ ಬೇಡ. ಅಡಿಕೆ, ತೆಂಗಿನ ತೋಟವೂ ಬೇಡ.

ರಸ್ತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿನಿಮಾದಲ್ಲಿ ಸುಲಭ. ನಮ್ಮ ರಸ್ತೆಯಲ್ಲಿ ಅಡ್ಡ ತಂತಿ, ಡಿವೈಡರ್, ಲಾರಿ, ಬೈಕು, ದನ ಎಲ್ಲ ಇರುತ್ತವೆ. ವಿಮಾನದ ರೆಕ್ಕೆ 11 ಮೀಟರ್ ಅಗಲ. ಕೆಳಗಿನ ಜನರಿಗೆ ನೀವು ಬರುವುದು ಗೊತ್ತೇ ಇರುವುದಿಲ್ಲ, ಎಂಜಿನ್ ಸದ್ದೂ ಇಲ್ಲ. ಪಕ್ಕದಲ್ಲಿ ಸಾಧಾರಣ ಹೊಲವಿದ್ದರೂ ರಸ್ತೆಗಿಂತ ಅದೇ ಮೇಲು. ಶಾಲೆಯ ಮೈದಾನ, ಸಂತೆ, ಜಾತ್ರೆ ಮಾಳ ಎಷ್ಟು ಸಪಾಟಾಗಿದ್ದರೂ ಜನ ಇದ್ದರೆ ಅದು ನಿಮ್ಮ ಜಾಗವಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಕರೆಂಟ್ ತಂತಿ. 1000 ಅಡಿಯಿಂದ ತಂತಿ ಕಾಣುವುದಿಲ್ಲ. ಕಂಬ ಹುಡುಕಿ. ನಮ್ಮಲ್ಲಿ ಬೋರ್‌ವೆಲ್ ಇರುವ ಹೊಲಕ್ಕೆಲ್ಲ ಒಂದು ಲೈನ್ ಬಂದಿರುತ್ತದೆ. ಹೊಲದ ಮೂಲೆಯಲ್ಲಿ ಪಂಪ್ ಮನೆಯೋ ಟ್ರಾನ್ಸ್‌ಫಾರ್ಮರೋ ಕಂಡರೆ, ಎಲ್ಲೋ ಒಂದು ಕಡೆಯಿಂದ ತಂತಿ ಬಂದಿದೆ ಅಂತಲೇ ತಿಳಿಯಿರಿ.

ಆರಿಸಿದ ಮೇಲೆ ಬದಲಿಸಬೇಡಿ. ಎತ್ತರ ತುಂಬಾ ಇದ್ದಾಗ, ಮೊದಲು ಕಾಣದ ತಂತಿಯೋ ಹಳ್ಳವೋ ಕಂಡರೆ ಒಮ್ಮೆ ಬದಲಿಸಬಹುದು. 1000 ಅಡಿಗಿಂತ ಕೆಳಗೆ ಬಂದ ಮೇಲೆ ಹೊಲದಿಂದ ಹೊಲಕ್ಕೆ ಮನಸ್ಸು ಹಾರಿಸಿದರೆ ಎರಡೂ ತಪ್ಪಿಹೋಗುತ್ತವೆ.

ಹಂತ 3: ಎಂಜಿನ್ ಮತ್ತೆ ಓಡುತ್ತದೆಯೇ ನೋಡಿ

ಹೊಲದ ಕಡೆ ತಿರುಗಿಯಾಯಿತು, ಎತ್ತರವೂ ಇದೆ. ಈಗ ಒಂದು ಕಡೆಯಿಂದ ಕೈ ಹಾಕಿ:

1. ಇಂಧನದ ವಾಲ್ವ್ ಎರಡೂ ಟ್ಯಾಂಕಿಗೆ. 172ರಲ್ಲಿ ಅದು ನೆಲದ ಹತ್ತಿರ ಇರುತ್ತದೆ. ಇಂಧನ ಕಡಿದು ಹಾಕುವ ಗುಂಡಿ ಇದ್ದರೆ ಅದು ಪೂರ್ತಿ ಒಳಗಿರಬೇಕು.
2. ಇಂಧನ ಪಂಪ್ ಇದ್ದರೆ ಆನ್.
3. ಮಿಕ್ಸ್ಚರ್ ರಿಚ್. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಎಂದು ಹೇಳುವ ಕೆಂಪು ಗುಂಡಿ ಅದು. ಪೂರ್ತಿ ಒಳಗೆ.
4. ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಯಾದರೆ ಕಾರ್ಬ್ ಹೀಟ್ ಆನ್. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ಗುಂಡಿ ಅದು.
5. ಮ್ಯಾಗ್ನೆಟೊ ಕೀಲಿ 'ಬೋತ್'ನಲ್ಲಿ ಇದೆಯೇ ನೋಡಿ. ಸಿಲಿಂಡರಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ, ಅವು ಎರಡಿರುತ್ತವೆ. ಪ್ರೊಪೆಲ್ಲರ್ ಪೂರ್ತಿ ನಿಂತಿದ್ದರೆ ಮಾತ್ರ ಸ್ಟಾರ್ಟ್ ತಿರುಗಿಸಿ.

ಕಾರ್ಬ್ ಹೀಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ ಗಾಳಿ ತೀರಾ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಒಳಗೇ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. "ನಮ್ಮ ಸೆಕೆಯಲ್ಲಿ ಐಸ್ ಎಲ್ಲಿಂದ?" ಅಂತ ಕೇಳುವವರು ಬಹಳ. ತೇವ ಜಾಸ್ತಿ ಇದ್ದು 21 ಡಿಗ್ರಿಗಿಂತ ಕಡಿಮೆ ಇದ್ದಾಗ ಇದು ಹೆಚ್ಚು, ನಿಜ. ಆದರೆ ಹೊರಗೆ 38 ಡಿಗ್ರಿ ಇದ್ದರೂ, ಕಡಿಮೆ ಪವರ್‌ನಲ್ಲಿ ಇಳಿಯುತ್ತಿರುವಾಗ ಆಗಬಹುದು. ಬೆಂಗಳೂರಿನ ಜುಲೈ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹವೆ.

ಇಲ್ಲೊಂದು ಬಲೆ ಇದೆ. ಹೀಟ್ ಹಾಕಿದೊಡನೆ ಐಸ್ ಕರಗಿ ನೀರು ಎಂಜಿನ್ನಿಗೆ ಹೋಗುತ್ತದೆ. ಎಂಜಿನ್ ಇನ್ನೂ ಜೋರಾಗಿ ನಡುಗುತ್ತದೆ. ಹೆದರಿ ಆಫ್ ಮಾಡಿಬಿಡುತ್ತಾರೆ. ಮಾಡಬೇಡಿ. ಅದು ನಡುಗುತ್ತಿದೆ ಅಂದರೆ ಐಸ್ ಕರಗುತ್ತಿದೆ.

ಒಂದೆರಡು ಸಲ ನೋಡಿ. ಆಗದಿದ್ದರೆ ಬಿಡಿ. ಸಾವಿರ ಅಡಿಯ ಕೆಳಗೆ ಬಂದ ಮೇಲೂ ಕೀಲಿ ತಿರುಗಿಸುತ್ತ ಕೂರಬೇಡಿ.

ಹಂತ 4: ರೇಡಿಯೊ, ಆಮೇಲೆ ಪಕ್ಕದವರು

ಈಗಾಗಲೇ ಮಾತಾಡುತ್ತಿರುವ ಟವರ್ ಇದ್ದರೆ ಅದೇ ಫ್ರೀಕ್ವೆನ್ಸಿಯಲ್ಲಿ ಹೇಳಿ. ಯಾರೂ ಇಲ್ಲದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ಟ್ರಾನ್ಸ್‌ಪಾಂಡರ್‌ನಲ್ಲಿ 7700. ರೇಡಾರ್ ಪರದೆಯ ಮೇಲೆ ನಿಮ್ಮ ವಿಮಾನ ಯಾವುದು ಎಂದು ತೋರಿಸುವ ಪೆಟ್ಟಿಗೆ ಅದು. 7700 ಅಂದರೆ ತುರ್ತು.

ಮೂರು ಸಲ "ಮೇಡೇ" ಎನ್ನಿ, ಪ್ರಾಣಾಪಾಯದ ಕರೆ ಅದು. ನಂತರ ವಿಮಾನದ ಕರೆ ಹೆಸರು, "ಎಂಜಿನ್ ಫೇಲ್ಯೂರ್, ಫೋರ್ಸ್ಡ್ ಲ್ಯಾಂಡಿಂಗ್", ಎಲ್ಲಿದ್ದೀರಿ, ಎಷ್ಟು ಎತ್ತರ, ಒಳಗೆ ಎಷ್ಟು ಜನ. "ಫೈವ್ ಮೈಲ್ಸ್ ನಾರ್ತ್ ಆಫ್ ದೊಡ್ಡಬಳ್ಳಾಪುರ" ಅಂದರೆ ಸಾಕು. ಕೆಳಗೆ ಇಳಿದಷ್ಟೂ ರೇಡಿಯೊ ದೂರ ಕೇಳಿಸುವುದಿಲ್ಲ, ಹಾಗಾಗಿ ಎತ್ತರದಲ್ಲಿದ್ದಾಗಲೇ ಹೇಳಿ ಮುಗಿಸಿ. ಟವರ್‌ನವರು ತಿರುಗಿ ಪ್ರಶ್ನೆ ಕೇಳಿದರೆ ಉತ್ತರಿಸಲೇಬೇಕು ಅಂತಿಲ್ಲ. ವಿಮಾನ ಹಾರಿಸುವುದು ಮೊದಲು.

ಪಕ್ಕದಲ್ಲಿ ಪ್ರಯಾಣಿಕರಿದ್ದರೆ ಚಿಕ್ಕದಾಗಿ ಹೇಳಿ. ಬೆಲ್ಟ್ ಬಿಗಿ ಮಾಡಿ, ಸೀಟ್ ನೆಟ್ಟಗೆ, ಕನ್ನಡಕ ಮತ್ತು ಪೆನ್ನು ತೆಗೆಯಿರಿ, ನಿಂತ ಮೇಲೆ ಈ ಬಾಗಿಲಿನಿಂದ ಹೊರಗೆ, ಹಿಂದಕ್ಕೆ ಓಡಿ. ಮುಂದೆ ಪ್ರೊಪೆಲ್ಲರ್ ಇದೆ.

ಹಂತ 5: ಹೊಲದ ಸುತ್ತಲೇ ಇರಿ

ಎತ್ತರ ಹೆಚ್ಚಿದ್ದರೆ ದೂರ ಹೋಗಿ ಕಳೆಯಬೇಡಿ. ಇಳಿಯುವ ಜಾಗದ ಮೇಲೆಯೇ ಸುತ್ತುತ್ತ ಇಳಿಯಿರಿ. ನೆಲದಿಂದ ಸುಮಾರು 1000 ಅಡಿ ಇರುವಾಗ, ನೀವು ನೆಲ ಮುಟ್ಟಬೇಕೆಂದಿರುವ ಜಾಗದ ಪಕ್ಕಕ್ಕೆ ಬರಬೇಕು. ರನ್‌ವೇ ಪಕ್ಕದಲ್ಲಿ ಗಾಳಿ ಬೆನ್ನಿಗಿಟ್ಟು ಹೋಗುತ್ತೀರಲ್ಲ, ಅದೇ ಚಿತ್ರ. ದಿನಾ ನೋಡುವ ಚಿತ್ರವಾದ್ದರಿಂದ ಅಂದಾಜು ಸುಲಭ.

ಮೊದಲ ಗುರಿ ಹೊಲದ ಮೂರನೇ ಒಂದು ಭಾಗ ಒಳಗೆ ಇರಲಿ, ಅಂಚಿನಲ್ಲಿ ಅಲ್ಲ. ಎತ್ತರ ಜಾಸ್ತಿಯಾದರೆ ಕಳೆಯಬಹುದು, ಕಡಿಮೆಯಾದರೆ ಎಲ್ಲಿಂದಲೂ ತರಲಾಗದು. ತಲುಪುವುದು ಖಾತ್ರಿಯಾದ ಮೇಲೆ ಫ್ಲ್ಯಾಪ್ ಇಳಿಸಿ ಗುರಿಯನ್ನು ಈಚೆಗೆ ಎಳೆದುಕೊಳ್ಳಿ. ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಹಲಗೆ. ಅದು ವೇಗ ಕಡಿಮೆ ಮಾಡಲು, ಕಡಿದಾಗಿ ಇಳಿಯಲು. ಇನ್ನೂ ಎತ್ತರವಿದ್ದರೆ ಹಾವಿನಂತೆ ಅತ್ತಿತ್ತ ತಿರುಗಿ, ಇಲ್ಲವೇ ಸೈಡ್‌ಸ್ಲಿಪ್ ಮಾಡಿ, ಅಂದರೆ ಒಂದು ರೆಕ್ಕೆ ತಗ್ಗಿಸಿ ಎದುರು ಬದಿಯ ರಡ್ಡರ್ ಪೆಡಲ್ (ಬಾಲವನ್ನು ಪಕ್ಕಕ್ಕೆ ತಿರುಗಿಸುವಂಥದ್ದು) ತುಳಿದು ಅಡ್ಡಡ್ಡ ಇಳಿಯಿರಿ. ಫ್ಲ್ಯಾಪ್ ಪೂರ್ತಿ ಇಳಿದಿರುವಾಗ ಕಡಿದಾದ ಸ್ಲಿಪ್ ಬೇಡ ಎಂದು 172ರ ಕೈಪಿಡಿಯೇ ಎಚ್ಚರಿಸುತ್ತದೆ.

ಹೊಲಕ್ಕೆ ಬೆನ್ನು ಹಾಕಿ ತಿರುಗಲೇಬೇಡಿ.

ಹಂತ 6: ನೆಲ ಮುಟ್ಟುವ ಮೊದಲು

ಮಿಕ್ಸ್ಚರ್ ಹೊರಗೆ, ಇಂಧನ ವಾಲ್ವ್ ಆಫ್, ಮ್ಯಾಗ್ನೆಟೊ ಆಫ್. ಬೆಂಕಿಗೆ ಕಾರಣಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೀರಿ.

ಮಾಸ್ಟರ್ ಸ್ವಿಚ್ ಆಫ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. 172ರ ಫ್ಲ್ಯಾಪ್ ಕರೆಂಟಿನಿಂದ ಓಡುತ್ತದೆ. ಮೊದಲೇ ಮಾಸ್ಟರ್ ತೆಗೆದರೆ ಫ್ಲ್ಯಾಪ್ ಇದ್ದಲ್ಲೇ ಇರುತ್ತದೆ. ಅಭ್ಯಾಸದಲ್ಲಿ ಜನ ಇದನ್ನು ಮರೆಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ಬಾಗಿಲಿನ ಚಿಲಕ ತೆರೆದಿಡಿ. ಹೊಡೆತಕ್ಕೆ ಚೌಕಟ್ಟು ಬಾಗಿದರೆ ಮುಚ್ಚಿದ ಬಾಗಿಲು ಸಿಕ್ಕಿಕೊಳ್ಳುತ್ತದೆ.

ಫ್ಲ್ಯಾಪ್ ಪೂರ್ತಿ ಇದ್ದಾಗ ಸುಮಾರು 65 ನಾಟ್‌ನಲ್ಲಿ ಬನ್ನಿ. ಮೂಗು ಸ್ವಲ್ಪ ಮೇಲಿರಲಿ, ಹಿಂದಿನ ಚಕ್ರಗಳು ಮೊದಲು ಮುಟ್ಟಲಿ. ಆಮೇಲೆ ಜೋರಾಗಿ ಬ್ರೇಕ್.

ಹೊಲ ಚಿಕ್ಕದಾಗಿ, ಕೊನೆಯಲ್ಲಿ ಬೇಲಿ ಕಂಡರೆ ಮತ್ತೆ ಎತ್ತಲು ನೋಡಬೇಡಿ. ಗಾಳಿಯಲ್ಲಿ ಸ್ಟಾಲ್ ಆಗಿ ಬೀಳುವುದಕ್ಕಿಂತ ನೆಲದ ಮೇಲೆ ನಿಧಾನವಾಗಿ ಬೇಲಿಗೆ ಹೋಗುವುದು ಎಷ್ಟೋ ಮೇಲು. ಗಂಟೆಗೆ 80 ಕಿ.ಮೀ. ವೇಗದಿಂದ 9 ಜಿ, ಅಂದರೆ ನಿಮ್ಮ ತೂಕದ ಒಂಬತ್ತರಷ್ಟು ಒತ್ತಡದಲ್ಲಿ ನಿಲ್ಲಲು ಬೇಕಾಗುವುದು ಮೂರು ಮೀಟರಿಗೂ ಕಡಿಮೆ ಜಾಗ. 160ರಿಂದಾದರೆ 11 ಮೀಟರ್. ಬೆಲ್ಟ್ ಬಿಗಿಯಾಗಿದ್ದರೆ ದೇಹ ಅದನ್ನು ತಡೆದುಕೊಳ್ಳುತ್ತದೆ. ರೆಕ್ಕೆ, ಚಕ್ರ, ಪೊದೆ, ಬೆಳೆ ಎಲ್ಲವೂ ವೇಗ ತಿನ್ನಲಿ. ಎಂಜಿನ್ ನಿಂತ ಗಳಿಗೆಯಿಂದ ಆ ವಿಮಾನ ವಿಮೆಯವರದ್ದು ಎಂದುಕೊಳ್ಳಿ. ನೀವು ಉಳಿಸಬೇಕಾದದ್ದು ಕೂತಿರುವ ಜಾಗವನ್ನು ಮಾತ್ರ.

ಟೇಕಾಫ್ ಆದ ಕೂಡಲೇ ನಿಂತರೆ

ಮೇಲೆ ಹೇಳಿದ್ದೆಲ್ಲ ಎತ್ತರ ಇದ್ದಾಗ. 300 ಅಡಿಯಲ್ಲಿ ನಿಂತರೆ ಇಷ್ಟೆಲ್ಲ ಸಮಯ ಇಲ್ಲ. ರನ್‌ವೇ ಬೆನ್ನ ಹಿಂದೆಯೇ ಇದೆ, ಹಾಗಾಗಿ ತಿರುಗಿ ಹೋಗೋಣ ಎನಿಸುತ್ತದೆ. ಎಷ್ಟೋ ಅನುಭವಿಗಳು ಸತ್ತಿರುವುದು ಈ ತಿರುವಿನಲ್ಲಿ.

ಲೆಕ್ಕ ನೋಡಿ. 65 ನಾಟ್‌ನಲ್ಲಿ 45 ಡಿಗ್ರಿ ವಾಲಿಸಿ ಅರ್ಧ ಸುತ್ತು ತಿರುಗಿದರೆ ನೀವು ರನ್‌ವೇಯಿಂದ ಸುಮಾರು 230 ಮೀಟರ್ ಪಕ್ಕದಲ್ಲಿರುತ್ತೀರಿ. ಮತ್ತೆ ಅದರ ಕಡೆ ತಿರುಗಿ, ಅದರ ನೇರಕ್ಕೆ ಮತ್ತೊಮ್ಮೆ ತಿರುಗಬೇಕು. ಅಂದರೆ 180 ಡಿಗ್ರಿ ಸಾಲದು. ಇನ್ನು ವಾಲಿದಷ್ಟೂ ಸ್ಟಾಲ್ ಆಗುವ ವೇಗ ಏರುತ್ತದೆ. ನೇರ ಹಾರುವಾಗ 48 ನಾಟ್‌ಗೆ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ 57ಕ್ಕೆ, 60 ಡಿಗ್ರಿಯಲ್ಲಿ 68ಕ್ಕೆ ಸ್ಟಾಲ್ ಆಗುತ್ತದೆ. 68 ಅಂದರೆ ನಿಮ್ಮ ಗ್ಲೈಡ್ ವೇಗವೇ! ಗಾಬರಿಯಲ್ಲಿ ಒಂದಿಷ್ಟು ಹೆಚ್ಚು ಎಳೆದರೆ ಮುಗಿಯಿತು. ಗಾಳಿಯೂ ಈಗ ಬೆನ್ನಿಗಿರುತ್ತದೆ.

ಆದ್ದರಿಂದ: ಮೂಗು ಕೆಳಗೆ, ಎದುರಿಗೆ ಎಡ ಬಲ 30 ಡಿಗ್ರಿ ಒಳಗೆ ಸಿಕ್ಕಿದ್ದರಲ್ಲಿ ಒಳ್ಳೆಯದಕ್ಕೆ ಇಳಿಸಿ. ಎಷ್ಟು ಎತ್ತರದ ಮೇಲೆ ತಿರುಗಬಹುದು ಎನ್ನುವುದು ವಿಮಾನ, ತೂಕ, ಗಾಳಿ, ನಿಮ್ಮ ಕೈ ಎಲ್ಲದರ ಮೇಲೆ ನಿಂತಿದೆ. ಅದನ್ನು ಇನ್‌ಸ್ಟ್ರಕ್ಟರ್ ಜೊತೆ ಸುರಕ್ಷಿತ ಎತ್ತರದಲ್ಲಿ ಅಳೆದು ನೋಡಿ. ಯಾರೋ ಹೇಳಿದ ಸಂಖ್ಯೆಯನ್ನು ನಂಬಬೇಡಿ.

ಜಕ್ಕೂರಿನ ಸುತ್ತ ಈಗ ಮನೆ, ಅಪಾರ್ಟ್‌ಮೆಂಟ್‌ಗಳೇ. ಹೀಗಿರುವ ಕಡೆ ಪ್ರತಿ ಟೇಕಾಫ್‌ಗೂ ಮೊದಲು, ಆ ದಿನದ ರನ್‌ವೇ ದಿಕ್ಕಿಗೆ, "ಇಲ್ಲಿ ನಿಂತರೆ ಇಲ್ಲಿಗೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಕೆರೆಯ ಅಂಚು, ಖಾಲಿ ಸೈಟು, ಏನಿದೆಯೋ ಅದು. ಎಂಜಿನ್ ನಿಂತಾಗ ಮೊದಲ ಮೂರ್ನಾಲ್ಕು ಸೆಕೆಂಡ್ ಮನಸ್ಸು ನಂಬುವುದೇ ಇಲ್ಲ. ಮೊದಲೇ ಹೇಳಿಕೊಂಡವರಿಗೆ ಆ ಸೆಕೆಂಡುಗಳು ಉಳಿಯುತ್ತವೆ.

ಇನ್ನು ಕೆಲವು ಸಂದರ್ಭ

ಎಂಜಿನ್ ಅರ್ಧ ಶಕ್ತಿಯಲ್ಲಿ ಓಡುತ್ತಿದ್ದರೆ ಅದನ್ನು ನಂಬಿ ದೂರದ ಏರ್‌ಪೋರ್ಟ್ ಕಡೆ ಹೊರಡಬೇಡಿ. ಅದು ಯಾವಾಗ ಬೇಕಾದರೂ ನಿಲ್ಲುತ್ತದೆ ಎಂದುಕೊಂಡು, ಗ್ಲೈಡ್‌ನಲ್ಲಿ ತಲುಪಬಹುದಾದ ಹೊಲಗಳ ಮೇಲೆಯೇ ಸಾಗಿ.

ಮಲೆನಾಡಿನ ಕಾಡಿನ ಮೇಲೆ ಬೇರೆ ಏನೂ ಸಿಗದಿದ್ದರೆ ಮರಗಳ ಮೇಲೆ. ಫ್ಲ್ಯಾಪ್ ಪೂರ್ತಿ, ಎದುರುಗಾಳಿ, ಆದಷ್ಟು ಕಡಿಮೆ ವೇಗ, ಆದರೆ ಸ್ಟಾಲ್ ಆಗದಂತೆ. ಎರಡೂ ರೆಕ್ಕೆ ಒಟ್ಟಿಗೆ ಕೊಂಬೆ ಮುಟ್ಟಲಿ. ಕೆಳಗೆ ದಪ್ಪ ಕಾಂಡ ಎದುರಾದರೆ ಮೂಗು ಎರಡು ಕಾಂಡಗಳ ನಡುವೆ ಹೋಗಲಿ.

ಸಮುದ್ರದ ಮೇಲಾದರೆ ಅಲೆಗಳ ಸಾಲಿಗೆ ಸಮಾನಾಂತರವಾಗಿ ಇಳಿಸಿ. ಚಕ್ರ ಕೆಳಗೇ ಇರುವ ವಿಮಾನ ಮಗುಚಬಹುದು. ಲೈಫ್ ಜಾಕೆಟ್ ಒಳಗೆ ಊದಬೇಡಿ, ಬಾಗಿಲಿನಿಂದ ಹೊರಬರಲಾಗುವುದಿಲ್ಲ.

ಸಿರಸ್ ವಿಮಾನವಾದರೆ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇದೆ. ಹಾರುವ ಮೊದಲು ಅದರ ಹಿಡಿಕೆಯ ಪಿನ್ ತೆಗೆದಿದ್ದೀರಾ ನೋಡಿ, ಮತ್ತು ಎಷ್ಟು ಎತ್ತರದ ಕೆಳಗೆ ಅದು ಕೆಲಸ ಮಾಡುವುದಿಲ್ಲ ಎಂದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಓದಿಕೊಳ್ಳಿ.

ಹಂತ 7: ನಿಂತ ಮೇಲೆ

ಇಳಿದು, ಗಾಳಿ ಬರುವ ಕಡೆಗೆ ದೂರ ಹೋಗಿ. ನಮ್ಮ ಹಳ್ಳಿಗಳಲ್ಲಿ ಹತ್ತು ನಿಮಿಷದೊಳಗೆ ಊರೇ ಬಂದು ಸೇರುತ್ತದೆ. ಅವರು ಸಹಾಯಕ್ಕೇ ಬಂದಿರುತ್ತಾರೆ. ಮೊದಲು ಹೇಳಬೇಕಾದ್ದು: "ಅಣ್ಣಾ, ಬೀಡಿ ಹಚ್ಚಬೇಡಿ, ಪೆಟ್ರೋಲ್ ಸೋರುತ್ತಿದೆ. ಮಕ್ಕಳನ್ನು ಹಿಂದಕ್ಕೆ ಕಳಿಸಿ." ಆಮೇಲೆ 112ಕ್ಕೆ ಕರೆ ಮಾಡಿ.

ವಿಮಾನದಲ್ಲಿ ಇಎಲ್‌ಟಿ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಜೋರು ಹೊಡೆತ ಬಿದ್ದರೆ 406 ಮೆಗಾಹರ್ಟ್ಸ್‌ನಲ್ಲಿ ತಾನಾಗಿಯೇ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಭಾರತದಲ್ಲಿ ಆ ಸಂಕೇತ ಬರುವುದು ಬೆಂಗಳೂರಿನ ಇಸ್ರೋ ಇಸ್ಟ್ರ್ಯಾಕ್‌ನಲ್ಲಿರುವ ಕೇಂದ್ರಕ್ಕೆ. ಮೆತ್ತಗೆ ಇಳಿದಿದ್ದರೆ ಅದು ಆನ್ ಆಗಿರದೆ ಇರಬಹುದು. ನಿಮ್ಮನ್ನು ಹುಡುಕಬೇಕಾದ ಪರಿಸ್ಥಿತಿ ಇದ್ದರೆ ಕೈಯಿಂದ ಆನ್ ಮಾಡಿ.

ವಿಮಾನವನ್ನು ಎಳೆಯಲು, ಸರಿಸಲು ಬಿಡಬೇಡಿ. ತನಿಖೆಯವರು ಬಂದು ನೋಡುವವರೆಗೆ ಎಲ್ಲ ಇದ್ದ ಹಾಗೇ ಇರಲಿ. ಹೀಗೆ ಹೊಲದಲ್ಲಿ ಇಳಿದು ಬದುಕಿದವರು ನಮ್ಮಲ್ಲೇ ಇದ್ದಾರೆ. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿ ಹೊರಬಂದರು.

ಅಭ್ಯಾಸ ಹೇಗೆ?

ಇನ್‌ಸ್ಟ್ರಕ್ಟರ್ ಜೊತೆ, ನೆಲದಿಂದ 3000 ಅಡಿ ಎತ್ತರದಲ್ಲಿ, ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಗುಂಡಿ) ಮುಚ್ಚಿ ಶುರು ಮಾಡಿ. ಪ್ರತಿ 500 ಅಡಿಗೊಮ್ಮೆ ಸ್ವಲ್ಪ ಪವರ್ ಕೊಟ್ಟು ಎಂಜಿನ್ ಬೆಚ್ಚಗಿಡಿ, ಇಲ್ಲದಿದ್ದರೆ ಅಭ್ಯಾಸವೇ ನಿಜವಾಗಿಬಿಡಬಹುದು. ಲೈಸೆನ್ಸ್ ಬಂದ ಮೇಲೂ ತಿಂಗಳಿಗೊಮ್ಮೆ ಮಾಡಿ.

ಖರ್ಚಿಲ್ಲದ ಅಭ್ಯಾಸವೂ ಒಂದಿದೆ. ಮುಂದಿನ ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಹೋಗಿ. ನಿಂತಿರುವ ವಿಮಾನದಲ್ಲಿ, ಇನ್‌ಸ್ಟ್ರಕ್ಟರಿಗೆ ಹೇಳಿ, ಕೂತು ಬೆಲ್ಟ್ ಹಾಕಿಕೊಳ್ಳಿ. ಕಣ್ಣು ಮುಚ್ಚಿ. ಯಾವುದನ್ನೂ ತಿರುಗಿಸದೆ, ಇಂಧನ ವಾಲ್ವ್, ಪಂಪ್, ಮಿಕ್ಸ್ಚರ್, ಕೀಲಿ, ಮಾಸ್ಟರ್, ಬಾಗಿಲಿನ ಚಿಲಕ, ಇದೇ ಸಾಲಿನಲ್ಲಿ ಒಂದೊಂದನ್ನೂ ಮುಟ್ಟಿ. ಎಲ್ಲಿ ಕೈ ತಡವರಿಸುತ್ತದೋ ಅಲ್ಲಿಂದ ಮತ್ತೆ ಶುರು ಮಾಡಿ.